ಸಕ್ಕರೆ ಕಾಯಿಲೆ ಇದ್ದರೂ ದುಡಿಮೆ ನಿಲ್ಲಬೇಕಾಗಿಲ್ಲ



ಈ ಪತ್ರಿಕೆಯಲ್ಲಿ ನಾವು ಸಾಮಾನ್ಯವಾಗಿ ರಾಸುಗಳ ಆರೋಗ್ಯದ ಬಗ್ಗೆ ಬರೆಯುತ್ತೇವೆ. ಈ ಸಂಚಿಕೆಯ ಪಾಠ ರಾಸು ಸಾಕುವವರ ಆರೋಗ್ಯದ ಬಗ್ಗೆ. ಸಕ್ಕರೆ ಕಾಯಿಲೆ ಪಟ್ಟಣದವರ, ಶ್ರೀಮಂತರ, ಕುಳಿತು ತಿನ್ನುವವರ ಕಾಯಿಲೆ ಎಂಬ ಮಾತು ಈಗ ಉಳಿದಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ದೇಶದಾದ್ಯಂತ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ ಸುಮಾರು 10.1 ಕೋಟಿ ಜನರಿಗೆ ಸಕ್ಕರೆ ಕಾಯಿಲೆ ಇದೆ. ಇನ್ನೂ ಸುಮಾರು 13.6 ಕೋಟಿ ಜನ ಅದರ ಹೊಸ್ತಿಲಲ್ಲಿ ಇದ್ದಾರೆ. ನಮ್ಮ ಹಳ್ಳಿಗಳೂ ಈ ಲೆಕ್ಕದ ಒಳಗೇ ಇವೆ.

ಕಾಯಿಲೆ ಬಂದಿದೆ ಎಂದು ತಿಳಿದ ಮನೆಯಲ್ಲಿ ಮೊದಲು ಏಳುವ ಪ್ರಶ್ನೆ ಔಷಧಿಯದಲ್ಲ, ಅನ್ನದ್ದು. "ಇನ್ನು ಹಸು ನೋಡಿಕೊಳ್ಳುವವರು ಯಾರು? ಕಾರ್ಖಾನೆಯಲ್ಲಿ ಮಗನನ್ನು ಇಟ್ಟುಕೊಳ್ಳುತ್ತಾರೆಯೇ? ಮಗಳಿಗೆ ಕೆಲಸ ಸಿಗುತ್ತದೆಯೇ?" ಎಂದು ಮನೆಯವರು ಕೊರಗುತ್ತಾರೆ. ಈ ಭಯದಿಂದಲೇ ಅನೇಕರು ಕಾಯಿಲೆಯನ್ನು ಮುಚ್ಚಿಡುತ್ತಾರೆ. ಮುಚ್ಚಿಟ್ಟ ಕಾಯಿಲೆ ಬೆಳೆದು ಕೊನೆಗೆ ದುಡಿಮೆಯನ್ನೇ ಕಸಿದುಕೊಳ್ಳುತ್ತದೆ. ಆದ್ದರಿಂದ ಈ ಪಾಠದಲ್ಲಿ, ಕಾಯಿಲೆ ಇಟ್ಟುಕೊಂಡೇ ಕೊಟ್ಟಿಗೆಯ ಕೆಲಸವನ್ನೂ ಹೊರಗಿನ ಸಂಬಳದ ಕೆಲಸವನ್ನೂ ಹೇಗೆ ನಡೆಸಿಕೊಂಡು ಹೋಗಬಹುದು ಎಂಬುದನ್ನು ವಿವರಿಸಲಾಗಿದೆ. ಓದಲು ಬಾರದ ಸದಸ್ಯರಿಗೆ ಮನೆಯ ಮಕ್ಕಳು ಇದನ್ನು ಓದಿ ಹೇಳಬೇಕೆಂದು ಕೋರುತ್ತೇವೆ.

ಕಾಯಿಲೆ ಎಂದರೇನು?

ನಾವು ತಿಂದ ಮುದ್ದೆ, ಅನ್ನ, ರೊಟ್ಟಿ ಹೊಟ್ಟೆಯಲ್ಲಿ ಜೀರ್ಣವಾಗಿ ಗ್ಲೂಕೋಸ್ ಎಂಬ ಸಕ್ಕರೆಯಾಗಿ ರಕ್ತಕ್ಕೆ ಸೇರುತ್ತದೆ. ಆ ಸಕ್ಕರೆ ರಕ್ತದಿಂದ ಮಾಂಸಖಂಡಗಳ ಒಳಕ್ಕೆ ಹೋಗಲು ಇನ್ಸುಲಿನ್ ಎಂಬ ರಸ ಬೇಕು. ಹೊಟ್ಟೆಯ ಹಿಂಬದಿಯಲ್ಲಿರುವ ಮೇದೋಜೀರಕ ಗ್ರಂಥಿ ಇದನ್ನು ತಯಾರಿಸುತ್ತದೆ. ಇನ್ಸುಲಿನ್ ಇಲ್ಲದಿದ್ದರೆ, ಅಥವಾ ಇದ್ದರೂ ಸರಿಯಾಗಿ ಕೆಲಸ ಮಾಡದಿದ್ದರೆ, ಸಕ್ಕರೆ ರಕ್ತದಲ್ಲಿಯೇ ಉಳಿಯುತ್ತದೆ. ಕಣಜದಲ್ಲಿ ರಾಗಿ ತುಂಬಿದ್ದರೂ ಬಾಗಿಲು ತೆರೆಯದೆ ಮನೆಯವರು ಉಪವಾಸ ಇದ್ದಂತೆ ಇದು.

ಇದರಲ್ಲಿ ಮುಖ್ಯವಾಗಿ ಎರಡು ಬಗೆ. ಮೊದಲನೆಯ ಬಗೆ ಹೆಚ್ಚಾಗಿ ಮಕ್ಕಳಲ್ಲಿ ಮತ್ತು ಹರೆಯದವರಲ್ಲಿ ಬರುತ್ತದೆ. ಇವರ ದೇಹದಲ್ಲಿ ಇನ್ಸುಲಿನ್ ತಯಾರಾಗುವುದೇ ಇಲ್ಲ ಎನ್ನುವಷ್ಟು ಕಡಿಮೆ. ಜೀವನಪರ್ಯಂತ ಇನ್ಸುಲಿನ್ ಚುಚ್ಚುಮದ್ದು ಬೇಕು. ಎರಡನೆಯ ಬಗೆ ಹೆಚ್ಚಾಗಿ ವಯಸ್ಕರಲ್ಲಿ ಕಾಣುತ್ತದೆ. ನಮ್ಮಲ್ಲಿ ಹೆಚ್ಚಿನವರಿಗೆ ಇರುವುದು ಇದೇ. ಇದಕ್ಕೆ ಪಥ್ಯ, ಮಾತ್ರೆ, ಕೆಲವರಿಗೆ ಇನ್ಸುಲಿನ್ ಬೇಕಾಗುತ್ತದೆ. ಗರ್ಭಿಣಿಯರಲ್ಲಿಯೂ ಸಕ್ಕರೆ ಏರಬಹುದು. ಹೆರಿಗೆಯ ನಂತರ ಅದು ಇಳಿದರೂ ಮುಂದೆ ಕಾಯಿಲೆ ಬರುವ ಸಂಭವ ಹೆಚ್ಚು. ಅಂಥ ತಾಯಂದಿರು ಆಗಾಗ ಪರೀಕ್ಷೆ ಮಾಡಿಸಿಕೊಳ್ಳುತ್ತಿರಬೇಕು.

ಪದೇ ಪದೇ ಮೂತ್ರ, ಹೆಚ್ಚು ಬಾಯಾರಿಕೆ, ಕಾರಣವಿಲ್ಲದೆ ತೂಕ ಇಳಿಯುವುದು, ಆಯಾಸ, ಕಣ್ಣು ಮಂಜಾಗುವುದು, ಪಾದಗಳಲ್ಲಿ ಉರಿ ಅಥವಾ ಜೋಮು, ಗಾಯ ಬೇಗ ಒಣಗದಿರುವುದು ಇವು ಲಕ್ಷಣಗಳು. ಆದರೆ ಎರಡನೆಯ ಬಗೆಯಲ್ಲಿ ವರ್ಷಗಟ್ಟಲೆ ಯಾವ ಲಕ್ಷಣವೂ ಕಾಣದೆ ಇರಬಹುದು. ಗುಪ್ತ ಕೆಚ್ಚಲು ಬಾವು ಇದ್ದ ಹಸುವಿನ ಕೆಚ್ಚಲು ನೋಡಲು ಚೆನ್ನಾಗಿಯೇ ಇರುತ್ತದೆ, ಹಾಲು ಮಾತ್ರ ದಿನೇ ದಿನೇ ಕಡಿಮೆಯಾಗುತ್ತದೆ. ಪರೀಕ್ಷೆ ಮಾಡಿದರೆ ಮಾತ್ರ ತಿಳಿಯುತ್ತದೆ. ಸಕ್ಕರೆ ಕಾಯಿಲೆಯೂ ಹಾಗೆಯೇ. 30 ವರ್ಷ ದಾಟಿದ ಎಲ್ಲರೂ ಸರ್ಕಾರಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಉಚಿತವಾಗಿ ತಪಾಸಣೆ ಮಾಡಿಸಿಕೊಳ್ಳಬಹುದು.

ಅಂಕಿಗಳನ್ನು ಓದುವುದು ಹೇಗೆ?

ಸಂಘದಲ್ಲಿ ಫ್ಯಾಟ್, ಎಸ್.ಎನ್.ಎಫ್. ನೋಡಿ ಹಾಲಿನ ಗುಣಮಟ್ಟ ತಿಳಿಯುವ ನಿಮಗೆ ಈ ಅಂಕಿಗಳು ಕಷ್ಟವಲ್ಲ. 100 ಮಿ.ಲೀ. ರಕ್ತದಲ್ಲಿ ಎಷ್ಟು ಮಿಲಿಗ್ರಾಂ ಸಕ್ಕರೆ ಇದೆ ಎಂದು ಲೆಕ್ಕ ಹಾಕುತ್ತಾರೆ.

1. ರಾತ್ರಿ ಊಟದ ನಂತರ ಏನೂ ತಿನ್ನದೆ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ: 100ರ ಒಳಗೆ ಇದ್ದರೆ ಸರಿ. 126 ಅಥವಾ ಹೆಚ್ಚು ಇದ್ದರೆ ಸಕ್ಕರೆ ಕಾಯಿಲೆ.
2. 75 ಗ್ರಾಂ ಗ್ಲೂಕೋಸ್ ಕುಡಿಸಿ 2 ಗಂಟೆಯ ನಂತರ: 140ರ ಒಳಗೆ ಇದ್ದರೆ ಸರಿ. 200 ಅಥವಾ ಹೆಚ್ಚು ಇದ್ದರೆ ಸಕ್ಕರೆ ಕಾಯಿಲೆ.
3. ಎಚ್.ಬಿ.ಎ.1ಸಿ. ಪರೀಕ್ಷೆ: ಶೇ. 5.7ಕ್ಕಿಂತ ಕಡಿಮೆ ಇದ್ದರೆ ಸರಿ. ಶೇ. 6.5 ಅಥವಾ ಹೆಚ್ಚು ಇದ್ದರೆ ಸಕ್ಕರೆ ಕಾಯಿಲೆ.

ನಡುವಿನ ಅಂಕಿ ಬಂದವರು ಹೊಸ್ತಿಲಲ್ಲಿ ಇದ್ದಾರೆ ಎಂದು ತಿಳಿಯಬೇಕು. ಲಕ್ಷಣಗಳಿಲ್ಲದವರಿಗೆ ಒಂದೇ ಪರೀಕ್ಷೆಯಿಂದ ತೀರ್ಮಾನ ಮಾಡುವುದಿಲ್ಲ, ವೈದ್ಯರು ಮತ್ತೊಮ್ಮೆ ಪರೀಕ್ಷಿಸಿ ಖಚಿತಪಡಿಸುತ್ತಾರೆ.

ಎಚ್.ಬಿ.ಎ.1ಸಿ. ಎಂಬುದನ್ನು ಅರ್ಥ ಮಾಡಿಕೊಳ್ಳುವುದು ಒಳ್ಳೆಯದು. ಬೆರಳು ಚುಚ್ಚಿ ನೋಡುವುದು ಒಂದು ಹೊತ್ತಿನ ಹಾಲಿನ ಫ್ಯಾಟ್ ನೋಡಿದಂತೆ. ಅದು ಆ ಹೊತ್ತಿನ ಲೆಕ್ಕ ಮಾತ್ರ. ಎಚ್.ಬಿ.ಎ.1ಸಿ. ಕಳೆದ ಎರಡು ಮೂರು ತಿಂಗಳ ಸರಾಸರಿಯನ್ನು ಹೇಳುತ್ತದೆ. ಪರೀಕ್ಷೆಯ ಹಿಂದಿನ ದಿನ ಪಥ್ಯ ಮಾಡಿ ವೈದ್ಯರನ್ನು ಮೆಚ್ಚಿಸಬಹುದು, ಈ ಪರೀಕ್ಷೆಯನ್ನು ಮೋಸ ಮಾಡಲಾಗುವುದಿಲ್ಲ. ಅನೇಕರಿಗೆ ಇದನ್ನು ಶೇ. 7ರ ಆಸುಪಾಸಿನಲ್ಲಿ ಇಡಬೇಕೆಂದು ವೈದ್ಯರು ಹೇಳುತ್ತಾರೆ. ವಯಸ್ಸಾದವರಿಗೆ ಗುರಿ ಬೇರೆ ಇರಬಹುದು.

ಕೊಟ್ಟಿಗೆಯ ದಿನಚರಿಯೂ ಮಾತ್ರೆಯೂ

ನಮ್ಮ ಸದಸ್ಯರ ದಿನ ಬೆಳಿಗ್ಗೆ 5 ಗಂಟೆಗೆ ಆರಂಭವಾಗುತ್ತದೆ. ಸಗಣಿ ಬಾಚಿ, ಮೇವು ಹಾಕಿ, ಹಾಲು ಕರೆದು, ಸಂಘಕ್ಕೆ ಹಾಕಿ, ಹೊಲದಿಂದ ಹುಲ್ಲು ತರುವಷ್ಟರಲ್ಲಿ 10 ಗಂಟೆ. ಅಲ್ಲಿಯವರೆಗೆ ಹೊಟ್ಟೆಗೆ ಬಿದ್ದಿರುವುದು ಒಂದು ಲೋಟ ಕಾಫಿ ಅಥವಾ ಟೀ. ಹೆಣ್ಣುಮಕ್ಕಳಂತೂ ಮನೆಯವರಿಗೆಲ್ಲ ಬಡಿಸಿ ಕೊನೆಗೆ ಕೂರುತ್ತಾರೆ. ವೈದ್ಯರು "ಬೆಳಿಗ್ಗೆ ಒಂದು ಮಾತ್ರೆ" ಎಂದು ಚೀಟಿಯಲ್ಲಿ ಬರೆದಾಗ ಅವರ ಮನಸ್ಸಿನಲ್ಲಿರುವುದು 8 ಗಂಟೆಯ ತಿಂಡಿ. ನಾವು 6 ಗಂಟೆಗೆ ಮಾತ್ರೆ ನುಂಗಿ 10 ಗಂಟೆಗೆ ಊಟ ಮಾಡಿದರೆ ನಡುವಿನ ಹೊತ್ತಿನಲ್ಲಿ ಸಕ್ಕರೆ ಅಪಾಯಕಾರಿಯಾಗಿ ಇಳಿಯಬಹುದು.

ಆದ್ದರಿಂದ ವೈದ್ಯರ ಬಳಿ ಹೋದಾಗ ನಿಮ್ಮ ದಿನಚರಿಯನ್ನು ಬಿಡಿಸಿ ಹೇಳಿ. ಎಷ್ಟು ಹೊತ್ತಿಗೆ ಏಳುತ್ತೀರಿ, ಎಷ್ಟು ಹೊತ್ತಿಗೆ ಉಣ್ಣುತ್ತೀರಿ, ಭಾರದ ಕೆಲಸ ಯಾವ ಹೊತ್ತಿನಲ್ಲಿ ಎಂಬುದನ್ನು ತಿಳಿಸಿ. ಮಾತ್ರೆಯ ಹೊತ್ತನ್ನು ಅವರು ಅದಕ್ಕೆ ಹೊಂದಿಸಿ ಕೊಡುತ್ತಾರೆ.

ನಿಮ್ಮ ಮಾತ್ರೆಯ ಹೆಸರನ್ನೂ ತಿಳಿದಿರಬೇಕು. ಮೆಟ್‌ಫಾರ್ಮಿನ್ ಒಂದನ್ನೇ ತೆಗೆದುಕೊಳ್ಳುವವರಲ್ಲಿ ಸಕ್ಕರೆ ತೀರ ಇಳಿಯುವುದು ಅಪರೂಪ. ಗ್ಲಿಮಿಪಿರೈಡ್, ಗ್ಲಿಬೆನ್‌ಕ್ಲಮೈಡ್ ಮುಂತಾದ ಮಾತ್ರೆಗಳಿಂದ ಮತ್ತು ಇನ್ಸುಲಿನ್‌ನಿಂದ ಸಕ್ಕರೆ ಇಳಿಯಬಹುದು. ಈ ಎರಡನೆಯ ಗುಂಪಿನವರು ಊಟ ತಪ್ಪಿಸಲೇಬಾರದು. ಮೊದಲ ಹಾಲು ಕರೆಯುವ ಮುನ್ನ ಏನು ತಿನ್ನಬೇಕು, ಎಷ್ಟು ತಿನ್ನಬೇಕು ಎಂದು ವೈದ್ಯರನ್ನೇ ಕೇಳಿಕೊಳ್ಳಿ. ಏಕಾದಶಿ, ಶಿವರಾತ್ರಿ, ರಂಜಾನ್ ಉಪವಾಸ ಮಾಡುವವರು ಹಬ್ಬಕ್ಕೆ ಮೊದಲೇ ವೈದ್ಯರ ಸಲಹೆ ಪಡೆಯಬೇಕು. ಖಾಲಿ ಹೊಟ್ಟೆಯಲ್ಲಿ ಮದ್ಯ ಸೇವಿಸಿದರೆ ಸಕ್ಕರೆ ಹಠಾತ್ತನೆ ಇಳಿಯಬಹುದು ಎಂಬುದೂ ತಿಳಿದಿರಲಿ.

ಸಕ್ಕರೆ ಇಳಿದಾಗ ಏನು ಮಾಡಬೇಕು?

ಕೆಲಸದ ಸ್ಥಳದಲ್ಲಿ ಅತಿ ಹೆಚ್ಚು ತೊಂದರೆ ಕೊಡುವುದು ಇದೇ. ರಕ್ತದ ಸಕ್ಕರೆ 70ಕ್ಕಿಂತ ಕಡಿಮೆಯಾದರೆ ಕೈ ನಡುಕ, ಬೆವರು, ಎದೆ ಬಡಿತ, ವಿಪರೀತ ಹಸಿವು ಕಾಣಿಸುತ್ತದೆ. ಇನ್ನೂ ಇಳಿದರೆ ಮಾತು ತೊದಲುತ್ತದೆ, ನಡಿಗೆ ತೂರಾಡುತ್ತದೆ, ಮನುಷ್ಯ ಕಾರಣವಿಲ್ಲದೆ ಸಿಡುಕುತ್ತಾನೆ. ನೋಡಿದವರು "ಕುಡಿದು ಬಂದಿದ್ದಾನೆ" ಎಂದುಕೊಳ್ಳುತ್ತಾರೆ. ಜೊತೆಯವರಿಗೆ ವಿಷಯ ಗೊತ್ತಿಲ್ಲದಿದ್ದರೆ ಕೆಲಸವೂ ಹೋಗಬಹುದು, ಪ್ರಾಣವೂ ಹೋಗಬಹುದು.

ಮಾಡಬೇಕಾದುದು ಇಷ್ಟು:
1. ಕೂಡಲೇ ಕೆಲಸ ನಿಲ್ಲಿಸಿ ಕುಳಿತುಕೊಳ್ಳಿ.
2. ಮೂರು ನಾಲ್ಕು ಟೀ ಚಮಚ ಸಕ್ಕರೆ ಅಥವಾ ಗ್ಲೂಕೋಸ್ ಪುಡಿಯನ್ನು ನೀರಿನಲ್ಲಿ ಕದಡಿ ಕುಡಿಯಿರಿ. ಅದು ಇಲ್ಲದಿದ್ದರೆ ಒಂದು ತುಂಡು ಬೆಲ್ಲ ಅಗಿಯಿರಿ.
3. 15 ನಿಮಿಷ ಕಾಯಿರಿ. ಸರಿಹೋಗದಿದ್ದರೆ ಇನ್ನೊಮ್ಮೆ ಅಷ್ಟೇ ತೆಗೆದುಕೊಳ್ಳಿ.
4. ಸರಿಯಾದ ನಂತರ ಊಟ ಅಥವಾ ಬಿಸ್ಕತ್ತು, ಹಾಲು ತೆಗೆದುಕೊಳ್ಳಿ. ತಕ್ಷಣ ಯಂತ್ರದ ಬಳಿಗಾಗಲಿ ವಾಹನದ ಬಳಿಗಾಗಲಿ ಹೋಗಬೇಡಿ.
5. ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ ಹಾಕಬಾರದು. ಮಗ್ಗುಲಾಗಿ ಮಲಗಿಸಿ 108ಕ್ಕೆ ಕರೆ ಮಾಡಬೇಕು.

ಮೇವು ಕತ್ತರಿಸುವ ಯಂತ್ರಕ್ಕೆ ಹುಲ್ಲು ಕೊಡುವಾಗ, ಬಾವಿಯ ಕಟ್ಟೆಯ ಮೇಲೆ, ಮರ ಹತ್ತಿ ಸೊಪ್ಪು ಕಡಿಯುವಾಗ ಸಕ್ಕರೆ ಇಳಿದರೆ ಅನಾಹುತ ತಪ್ಪಿದ್ದಲ್ಲ. ಇಂಥ ಕೆಲಸಗಳನ್ನು ಊಟವಾದ ಮೇಲೆ, ಜೊತೆಯಲ್ಲಿ ಒಬ್ಬರು ಇರುವಾಗ ಮಾಡಿ. ಹುಲ್ಲು ಹೊತ್ತು, ಗುದ್ದಲಿ ಹಿಡಿದು ಹೆಚ್ಚು ದಣಿದ ದಿನ ಕೆಲವು ಗಂಟೆಗಳ ನಂತರ, ರಾತ್ರಿ ನಿದ್ದೆಯಲ್ಲಿಯೂ ಸಕ್ಕರೆ ಇಳಿಯಬಹುದು. ಆ ರಾತ್ರಿ ಊಟ ಬಿಡಬೇಡಿ. ಅಂಗಿಯ ಜೇಬಿನಲ್ಲಿ, ಸೆರಗಿನ ತುದಿಯಲ್ಲಿ ಸಕ್ಕರೆ ಅಥವಾ ಬೆಲ್ಲದ ಪೊಟ್ಟಣ ಸದಾ ಇರಲಿ.

ಪಾದ ಉಳಿದರೆ ದುಡಿಮೆ ಉಳಿಯಿತು

ಸಕ್ಕರೆ ಬಹುಕಾಲ ಏರಿದ್ದರೆ ಪಾದದ ನರಗಳು ಸ್ಪರ್ಶ ಕಳೆದುಕೊಳ್ಳುತ್ತವೆ, ರಕ್ತ ಸಂಚಾರವೂ ಕಡಿಮೆಯಾಗುತ್ತದೆ. ಮುಳ್ಳು ಚುಚ್ಚಿದರೆ, ಹಸು ತುಳಿದರೆ ನೋವೇ ತಿಳಿಯುವುದಿಲ್ಲ. ಬರಿಗಾಲಿನಲ್ಲಿ ಸಗಣಿ ಗಂಜಲದಲ್ಲಿ ಓಡಾಡುವ ನಮಗೆ ಆ ಗಾಯ ಕೀವಾಗಲು ಹೆಚ್ಚು ದಿನ ಬೇಡ. ಬೆರಳಿನಿಂದ ಆರಂಭವಾಗಿ ಪಾದವನ್ನೇ ತೆಗೆಯಬೇಕಾಗಿ ಬಂದ ಪ್ರಸಂಗಗಳಲ್ಲಿ ಹೆಚ್ಚಿನವು ಮೊದಲೇ ನೋಡಿಕೊಂಡಿದ್ದರೆ ತಪ್ಪಿಸಬಹುದಾದವು. ಹಸುವಿನ ಗೊರಸು ನೋಡುವ ನಾವು ನಮ್ಮ ಪಾದವನ್ನೂ ನೋಡಿಕೊಳ್ಳಬೇಕು.

ಪ್ರತಿ ರಾತ್ರಿ ಕಾಲು ತೊಳೆದು, ಬೆರಳ ಸಂದಿಗಳನ್ನು ಒರೆಸಿ, ದೀಪದ ಬೆಳಕಿನಲ್ಲಿ ಅಂಗಾಲು ನೋಡಿ. ಬಗ್ಗಲಾಗದವರು ನೆಲದ ಮೇಲೆ ಕನ್ನಡಿ ಇಟ್ಟು ನೋಡಬಹುದು, ಅಥವಾ ಮನೆಯವರಿಗೆ ತೋರಿಸಬಹುದು. ಕೊಟ್ಟಿಗೆಗೆ ಹೋಗುವಾಗ ಮುಂಭಾಗ ಮುಚ್ಚಿದ, ಹಿಂದೆ ಪಟ್ಟಿ ಇರುವ ಪಾದರಕ್ಷೆ ಅಥವಾ ಗಮ್‌ಬೂಟು ಧರಿಸಿ. ಹಾಕಿಕೊಳ್ಳುವ ಮುನ್ನ ಒಳಗೆ ಕಲ್ಲು, ಮೊಳೆ ಇದೆಯೇ ಎಂದು ಕೈ ಹಾಕಿ ನೋಡಿ. ಉಗುರನ್ನು ನೇರವಾಗಿ ಕತ್ತರಿಸಿ. ಆಣಿಯನ್ನು ಬ್ಲೇಡಿನಿಂದ ಕೊಯ್ಯಬೇಡಿ. ಕಾಲು ಉರಿಯುತ್ತದೆಂದು ಬಿಸಿನೀರಿನಲ್ಲಿ ಅದ್ದುವುದು, ಒಲೆಯ ಮುಂದೆ ಕಾಯಿಸುವುದು ಅಪಾಯ. ಚರ್ಮ ಸುಟ್ಟರೂ ತಿಳಿಯುವುದಿಲ್ಲ. ಗಾಯವಾದರೆ ಶುದ್ಧ ನೀರಿನಲ್ಲಿ ತೊಳೆದು, ಸ್ವಚ್ಛ ಬಟ್ಟೆ ಕಟ್ಟಿ ಅಂದೇ ಆಸ್ಪತ್ರೆಗೆ ಹೋಗಿ. ಬೂದಿ, ಸಗಣಿ, ಸೊಪ್ಪಿನ ರಸ ಹಚ್ಚಿ ಕಾಯಬೇಡಿ.

ಇದಲ್ಲದೆ ವರ್ಷಕ್ಕೊಮ್ಮೆ ಕಣ್ಣಿನ ಒಳಪದರದ ಪರೀಕ್ಷೆ, ಮೂತ್ರಪಿಂಡದ ಪರೀಕ್ಷೆ, ಪಾದದ ಸ್ಪರ್ಶ ಪರೀಕ್ಷೆ ಮಾಡಿಸಬೇಕು. ರಕ್ತದೊತ್ತಡವನ್ನು ಪ್ರತಿ ಭೇಟಿಯಲ್ಲಿಯೂ ನೋಡಿಸಿ. ದೃಷ್ಟಿ ಚೆನ್ನಾಗಿದೆ ಎಂದು ಅನಿಸಿದರೂ ಕಣ್ಣಿನ ಪರೀಕ್ಷೆ ಬಿಡಬಾರದು, ಏಕೆಂದರೆ ಮೊದಲ ಹಂತದ ಹಾನಿ ನಮಗೆ ಗೊತ್ತಾಗುವುದಿಲ್ಲ.

ಇನ್ಸುಲಿನ್ ಇಡುವ ಬಗೆ

ಇನ್ಸುಲಿನ್ ಕಂಡುಹಿಡಿದದ್ದು 1921ರಲ್ಲಿ, ಕೆನಡಾ ದೇಶದ ಟೊರಾಂಟೊದಲ್ಲಿ. 1922ರ ಜನವರಿಯಲ್ಲಿ ಅದನ್ನು ಮೊದಲ ಬಾರಿಗೆ ಒಬ್ಬ ಬಾಲಕನಿಗೆ ಕೊಟ್ಟರು. ಅದಕ್ಕೆ ಮೊದಲು ಮೊದಲನೆಯ ಬಗೆಯ ಕಾಯಿಲೆ ಬಂದ ಮಕ್ಕಳು ಹೆಚ್ಚು ಕಾಲ ಬದುಕುತ್ತಿರಲಿಲ್ಲ. ದಶಕಗಳ ಕಾಲ ಇದನ್ನು ದನ ಮತ್ತು ಹಂದಿಗಳ ಗ್ರಂಥಿಯಿಂದ ತೆಗೆಯುತ್ತಿದ್ದರು. ಈಗ ಸಿಗುವ ಮಾನವ ಇನ್ಸುಲಿನ್ ಸೂಕ್ಷ್ಮಜೀವಿಗಳ ಸಹಾಯದಿಂದ ತಯಾರಾಗುತ್ತದೆ.

ತೆರೆಯದ ಸೀಸೆಯನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿ, ಅಂದರೆ ಫ್ರಿಜ್ಜಿನ ಬಾಗಿಲಿನ ಭಾಗದಲ್ಲಿ ಇಡಬೇಕು. ಮಂಜುಗಡ್ಡೆ ಕಟ್ಟುವ ಭಾಗದಲ್ಲಿ ಇಡಲೇಬಾರದು. ಒಮ್ಮೆ ಹೆಪ್ಪುಗಟ್ಟಿದರೆ ಅದು ಕೆಟ್ಟಂತೆಯೇ. ಕೃತಕ ಗರ್ಭಧಾರಣೆಯ ವೀರ್ಯನಳಿಕೆ ಇಡುವ ದ್ರವ ಸಾರಜನಕದ ಜಾಡಿಯ ಹತ್ತಿರವೂ ಸುಳಿಸಬೇಡಿ. ಬಳಕೆಯಲ್ಲಿರುವ ಸೀಸೆ ಬಿಸಿಲು ತಾಗದ ತಂಪಾದ ಜಾಗದಲ್ಲಿ ಸುಮಾರು ನಾಲ್ಕು ವಾರ ಇರುತ್ತದೆ. ಫ್ರಿಜ್ಜು ಇಲ್ಲದ ಮನೆಯಲ್ಲಿ, ಬೇಸಿಗೆಯಲ್ಲಿ, ಒಂದು ಮಣ್ಣಿನ ಮಡಕೆಯೊಳಗೆ ಇನ್ನೊಂದು ಚಿಕ್ಕ ಮಡಕೆ ಇಟ್ಟು, ನಡುವೆ ಒದ್ದೆ ಮರಳು ತುಂಬಿ, ಒಳಮಡಕೆಯಲ್ಲಿ ಸೀಸೆ ಇಡಬಹುದು.

ಇನ್ನೊಂದು ಎಚ್ಚರಿಕೆ. ನಮ್ಮಲ್ಲಿ ಸಿಗುವ ಸೀಸೆಗಳಲ್ಲಿ ಹೆಚ್ಚಿನವು ಒಂದು ಮಿ.ಲೀ.ಗೆ 40 ಯೂನಿಟ್‌ನವು. ಅದಕ್ಕೆ 40 ಯೂನಿಟ್‌ನ ಸಿರಿಂಜನ್ನೇ ಬಳಸಬೇಕು. 100 ಯೂನಿಟ್‌ನ ಸೀಸೆಗೆ 100 ಯೂನಿಟ್‌ನ ಸಿರಿಂಜು. ಅದಲು ಬದಲಾದರೆ ಪ್ರಮಾಣ ಎರಡೂವರೆ ಪಟ್ಟು ಹೆಚ್ಚು ಕಡಿಮೆಯಾಗುತ್ತದೆ.

ಕೆಲಸ ಹುಡುಕುವಾಗ

ಹಾಲಿನ ಬಟವಾಡೆಯ ಜೊತೆಗೆ ಮನೆಗೆ ಒಂದು ಸಂಬಳ ಬರಲಿ ಎಂದು ಮಕ್ಕಳನ್ನು ಗಾರ್ಮೆಂಟ್ ಕಾರ್ಖಾನೆಗೆ, ಅಂಗಡಿಗೆ, ಕಚೇರಿಗೆ, ವಾಹನ ಚಾಲನೆಗೆ ಕಳಿಸುವುದು ಈಗ ಪ್ರತಿ ಊರಿನಲ್ಲಿಯೂ ಇದೆ. ಸಕ್ಕರೆ ಕಾಯಿಲೆ ಇರುವ ಮಗ ಅಥವಾ ಮಗಳಿಗೆ ಕೆಲಸ ನೋಡುವಾಗ ಕೆಳಗಿನ ಅಂಶಗಳನ್ನು ಗಮನಿಸಿ.

ಒಂದು, ಕೆಲಸದ ಹೊತ್ತು. ಊಟದ ಸಮಯ ನಿಗದಿಯಾಗಿರುವ ಹಗಲು ಪಾಳಿಯ ಕೆಲಸ ಅನುಕೂಲ. ವಾರ ವಾರ ಪಾಳಿ ಬದಲಾಗುವ ಕೆಲಸವನ್ನೂ ಮಾಡಲು ಸಾಧ್ಯ, ಆದರೆ ಮಾತ್ರೆ ಮತ್ತು ಇನ್ಸುಲಿನ್ ಹೊತ್ತನ್ನು ಪ್ರತಿ ಪಾಳಿಗೂ ಹೇಗೆ ಬದಲಿಸಬೇಕೆಂದು ವೈದ್ಯರಿಂದ ಮೊದಲೇ ಬರೆಸಿಕೊಳ್ಳಬೇಕು.

ಎರಡು, ಅಪಾಯ. ಸಕ್ಕರೆ ಇಳಿಸುವ ಔಷಧಿ ತೆಗೆದುಕೊಳ್ಳುವವರಿಗೆ ವಿದ್ಯುತ್ ಕಂಬ ಹತ್ತುವುದು, ಎತ್ತರದ ಕಟ್ಟಡದ ಕೆಲಸ, ಒಬ್ಬರೇ ಇರುವ ರಾತ್ರಿ ಕಾವಲು ಇವು ಕಷ್ಟ. ಹೊಲಿಗೆ, ಲೆಕ್ಕಪತ್ರ, ಕಂಪ್ಯೂಟರ್, ಪಾಠ ಹೇಳುವುದು, ಅಂಗಡಿ, ಹಾಲು ಪರೀಕ್ಷೆ, ಸಂಘದ ಲೆಕ್ಕ ಬರೆಯುವುದು ಮುಂತಾದ ಕೆಲಸಗಳಿಗೆ ಯಾವ ಅಡ್ಡಿಯೂ ಇಲ್ಲ.

ಮೂರು, ಚಾಲನೆ. ಚಾಲನಾ ಪರವಾನಗಿಯ ಅರ್ಜಿಯೊಡನೆ ಕೊಡುವ ಆರೋಗ್ಯ ಘೋಷಣೆಯಲ್ಲಿ ಮೂರ್ಛೆ, ಹಠಾತ್ ಪ್ರಜ್ಞೆ ತಪ್ಪುವಿಕೆ, ತಲೆಸುತ್ತು ಇದೆಯೇ ಎಂಬ ಪ್ರಶ್ನೆ ಇದೆ. ಸಕ್ಕರೆ ಇಳಿದು ಪ್ರಜ್ಞೆ ತಪ್ಪುವ ಅಭ್ಯಾಸವಿದ್ದವರು ಅದನ್ನು ಮುಚ್ಚಿಡಬಾರದು. ಹಾಲಿನ ವಾಹನ ನಡೆಸುವವರು ಹೊರಡುವ ಮುನ್ನ ಬೆರಳು ಚುಚ್ಚಿ ನೋಡಿಕೊಳ್ಳುವುದು ಒಳ್ಳೆಯದು. 90ಕ್ಕಿಂತ ಕಡಿಮೆ ಇದ್ದರೆ ಏನಾದರೂ ತಿಂದು ಹೊರಡಿ. 70ಕ್ಕಿಂತ ಕಡಿಮೆ ಇದ್ದರೆ ಸ್ಟೀರಿಂಗ್ ಮುಟ್ಟಬೇಡಿ.

ನಾಲ್ಕು, ಹೇಳಬೇಕೇ ಬೇಡವೇ? ಸಂದರ್ಶನದಲ್ಲಿ ಕೇಳದೆ ತಾವಾಗಿ ಕಾಯಿಲೆಯ ಕಥೆ ಹೇಳಿಕೊಳ್ಳುವ ಅಗತ್ಯವಿಲ್ಲ. ಅಲ್ಲಿ ನಿಮ್ಮ ಕೆಲಸದ ಅರ್ಹತೆಯನ್ನು ಹೇಳಿ. ಆದರೆ ವೈದ್ಯಕೀಯ ನಮೂನೆಯಲ್ಲಿ ಪ್ರಶ್ನೆ ಇದ್ದರೆ ನಿಜವನ್ನೇ ಬರೆಯಿರಿ. ಸುಳ್ಳು ಬರೆದು ಸೇರಿದ ಕೆಲಸವನ್ನು ಆ ಸುಳ್ಳಿನ ಕಾರಣದಿಂದಲೇ ಕಳೆದುಕೊಳ್ಳಬೇಕಾಗಬಹುದು. ನಿಜ ಬರೆಯುವಾಗ ಜೊತೆಗೆ ಇತ್ತೀಚಿನ ಎಚ್.ಬಿ.ಎ.1ಸಿ. ವರದಿ ಮತ್ತು "ಕಾಯಿಲೆ ಹತೋಟಿಯಲ್ಲಿದೆ, ಈ ಕೆಲಸಕ್ಕೆ ಯೋಗ್ಯರು" ಎಂಬ ವೈದ್ಯರ ಪತ್ರ ಇಡಿ. ಸೇನೆಯಂಥ ಕೆಲವು ಸೇವೆಗಳಲ್ಲಿ ದೈಹಿಕ ಅರ್ಹತೆಯ ನಿಯಮಗಳು ಬಿಗಿಯಾಗಿವೆ. ಅರ್ಜಿ ಹಾಕುವ ಮುನ್ನ ಆ ನಿಯಮಗಳನ್ನು ಓದಿಕೊಂಡರೆ ಹಣ, ಕಾಲ, ಮನಸ್ಸಿನ ನೋವು ಉಳಿಯುತ್ತದೆ.

ಸೇರಿದ ಕೆಲಸ ಉಳಿಸಿಕೊಳ್ಳಲು

ಕೆಲಸಕ್ಕೆ ಸೇರಿದ ಮೇಲೆ ಮೇಲ್ವಿಚಾರಕರಿಗೂ ಪಕ್ಕದಲ್ಲಿ ಕೆಲಸ ಮಾಡುವ ಒಬ್ಬರಿಗಾದರೂ ವಿಷಯ ತಿಳಿಸಿರಿ. ಸಕ್ಕರೆ ಇಳಿದಾಗ ಹೇಗೆ ಕಾಣುತ್ತದೆ, ಏನು ಕೊಡಬೇಕು ಎಂಬುದನ್ನು ಅವರಿಗೆ ಹೇಳಿಕೊಡಿ. ಆಸ್ಪತ್ರೆಯ ದಿನವನ್ನು ಮುಂಚಿತವಾಗಿ ತಿಳಿಸಿ ರಜೆ ಪಡೆಯಿರಿ. ಹೇಳದೆ ಗೈರುಹಾಜರಾಗುವುದು ಕಾಯಿಲೆಗಿಂತ ಹೆಚ್ಚು ಕೆಲಸ ಕಳೆಯುತ್ತದೆ. ಕೋರಿಕೆಯನ್ನು ಬರಹದಲ್ಲಿ ಕೊಟ್ಟು ಪ್ರತಿಯೊಂದನ್ನು ಇಟ್ಟುಕೊಳ್ಳಿ. ಮಾದರಿ ಹೀಗಿದೆ:

"ಮಾನ್ಯರೇ, ನಾನು ತಮ್ಮ ಕಾರ್ಖಾನೆಯ ಹೊಲಿಗೆ ವಿಭಾಗದಲ್ಲಿ ಕೆಲಸ ಮಾಡುತ್ತಿದ್ದೇನೆ. ನನಗೆ ಸಕ್ಕರೆ ಕಾಯಿಲೆ ಇದ್ದು ವೈದ್ಯರ ಚಿಕಿತ್ಸೆಯಲ್ಲಿ ಹತೋಟಿಯಲ್ಲಿದೆ. ಬೆಳಿಗ್ಗೆ 11 ಗಂಟೆಗೆ ಮತ್ತು ಮಧ್ಯಾಹ್ನ 4 ಗಂಟೆಗೆ ಐದು ನಿಮಿಷ ಲಘು ಆಹಾರ ಸೇವಿಸಲು, ಅಗತ್ಯವಿದ್ದಾಗ ನೀರು ಕುಡಿಯಲು ಮತ್ತು ಶೌಚಾಲಯಕ್ಕೆ ಹೋಗಲು ಅನುಮತಿ ನೀಡಬೇಕೆಂದು ಕೋರುತ್ತೇನೆ. ಇದರಿಂದ ನನ್ನ ಕೆಲಸಕ್ಕೆ ಅಡ್ಡಿಯಾಗದಂತೆ ನೋಡಿಕೊಳ್ಳುತ್ತೇನೆ. ವೈದ್ಯರ ಪತ್ರ ಲಗತ್ತಿಸಿದೆ. ಇತಿ ತಮ್ಮ ವಿಶ್ವಾಸಿ."

ಕೇಳಿದ್ದು ಚಿಕ್ಕದು, ಕಾರಣ ಸ್ಪಷ್ಟ, ವೈದ್ಯರ ಪತ್ರ ಜೊತೆಗಿದೆ. ಇಂಥ ಕೋರಿಕೆಯನ್ನು ತಳ್ಳಿಹಾಕುವುದು ಯಾವ ಮೇಲ್ವಿಚಾರಕರಿಗೂ ಸುಲಭವಲ್ಲ.

ಕಾನೂನು ಮತ್ತು ಸೌಲಭ್ಯಗಳು

2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ 21 ಬಗೆಯ ವಿಕಲತೆಗಳ ಪಟ್ಟಿ ಇದೆ. ಸಕ್ಕರೆ ಕಾಯಿಲೆ ಆ ಪಟ್ಟಿಯಲ್ಲಿ ಇಲ್ಲ. ಆದ್ದರಿಂದ ಬರಿಯ ಸಕ್ಕರೆ ಕಾಯಿಲೆಗೆ ವಿಕಲತೆಯ ಪ್ರಮಾಣಪತ್ರವಾಗಲಿ ಮೀಸಲಾತಿಯಾಗಲಿ ಸಿಗುವುದಿಲ್ಲ. ಆದರೆ ಕಾಯಿಲೆಯಿಂದ ದೃಷ್ಟಿ ಹೋಗಿದ್ದರೆ, ಕಾಲು ಕತ್ತರಿಸಿದ್ದರೆ ಆ ವಿಕಲತೆ ಪಟ್ಟಿಯಲ್ಲಿ ಬರುತ್ತದೆ. ಅದು ಶೇ. 40 ಅಥವಾ ಹೆಚ್ಚು ಎಂದು ಪ್ರಮಾಣಪತ್ರ ಸಿಕ್ಕರೆ ಸರ್ಕಾರಿ ಹುದ್ದೆಗಳಲ್ಲಿ ಶೇ. 4ರ ಮೀಸಲಾತಿಗೆ ಅರ್ಜಿ ಹಾಕಬಹುದು. ಸರ್ಕಾರಿ ಸೇವೆಯಲ್ಲಿದ್ದಾಗ ವಿಕಲತೆ ಬಂದರೆ ಆ ಕಾರಣಕ್ಕೆ ನೌಕರನನ್ನು ತೆಗೆಯುವಂತಿಲ್ಲ, ಹುದ್ದೆಯಲ್ಲಿ ಇಳಿಸುವಂತಿಲ್ಲ. ಅದೇ ವೇತನ ಶ್ರೇಣಿಯ ಬೇರೆ ಹುದ್ದೆಗೆ ಬದಲಿಸಬಹುದು ಎಂದು ಅದೇ ಕಾಯ್ದೆಯ 20ನೇ ಕಲಮು ಹೇಳುತ್ತದೆ.

ಕಾರ್ಖಾನೆಯಲ್ಲಿ ದುಡಿಯುವವರಿಗೆ ಇ.ಎಸ್.ಐ. ಯೋಜನೆ ಇದೆ. 2019ರ ಜುಲೈಯಿಂದ ನೌಕರರ ವಂತಿಕೆ ಸಂಬಳದ ಶೇ. 0.75, ಮಾಲೀಕರದು ಶೇ. 3.25. ನೌಕರರಿಗೂ ಕುಟುಂಬಕ್ಕೂ ಇ.ಎಸ್.ಐ. ಆಸ್ಪತ್ರೆ, ಚಿಕಿತ್ಸಾಲಯಗಳಲ್ಲಿ ಚಿಕಿತ್ಸೆ ಮತ್ತು ಔಷಧಿ ಸಿಗುತ್ತದೆ. ಅಗತ್ಯವಾದಷ್ಟು ದಿನ ವಂತಿಕೆ ಕಟ್ಟಿದವರಿಗೆ ಅನಾರೋಗ್ಯದ ರಜೆಯಲ್ಲಿ ಸಂಬಳದ ಶೇ. 70ರಷ್ಟು ಹಣ ವರ್ಷಕ್ಕೆ 91 ದಿನಗಳವರೆಗೆ ದೊರೆಯುತ್ತದೆ. ಸಂಬಳದ ಚೀಟಿಯಲ್ಲಿ ವಂತಿಕೆ ಕಡಿತವಾಗಿದ್ದರೆ ವಿಮಾ ಸಂಖ್ಯೆ ಕೇಳಿ ಪಡೆಯಿರಿ.

ಸಹಕಾರ ಸಂಘದ ಸದಸ್ಯರಾದ ನಮಗೆ ಯಶಸ್ವಿನಿ ಯೋಜನೆಯೂ ಉಂಟು. 2003ರಲ್ಲಿ ಆರಂಭವಾಗಿ, 2018ರಲ್ಲಿ ಬೇರೆ ಯೋಜನೆಯೊಡನೆ ವಿಲೀನವಾಗಿ, 2023ರ ಜನವರಿಯಿಂದ ಮತ್ತೆ ಜಾರಿಗೆ ಬಂದ ಯೋಜನೆ ಇದು. ಇದು ಮುಖ್ಯವಾಗಿ ಪಟ್ಟಿಯಲ್ಲಿರುವ ಶಸ್ತ್ರಚಿಕಿತ್ಸೆಗಳಿಗೆ. ದಿನನಿತ್ಯದ ಮಾತ್ರೆಗೆ ಇದನ್ನು ನಂಬಿ ಕೂರಬೇಡಿ. ನೋಂದಣಿಯ ಅವಧಿ ಮತ್ತು ವಂತಿಕೆಯನ್ನು ನಿಮ್ಮ ಸಂಘದ ಕಾರ್ಯದರ್ಶಿಗಳಿಂದ ತಿಳಿಯಿರಿ. ದಿನನಿತ್ಯದ ಮಾತ್ರೆಗೆ ಸರ್ಕಾರಿ ಆಸ್ಪತ್ರೆಗಳಿವೆ. ಕೊಳ್ಳಲೇಬೇಕಾದಾಗ ಜನೌಷಧಿ ಕೇಂದ್ರಗಳಲ್ಲಿ ಅದೇ ಔಷಧಿ ಕಡಿಮೆ ಬೆಲೆಗೆ ಸಿಗುತ್ತದೆ.

ಸಂಶಯ - ಸಮಾಧಾನ

ಪ್ರಶ್ನೆ: ರಾಗಿ ಮುದ್ದೆ ಎಷ್ಟು ತಿಂದರೂ ಸಕ್ಕರೆ ಏರುವುದಿಲ್ಲವೇ?
ಉತ್ತರ: ಏರುತ್ತದೆ. ರಾಗಿಯಲ್ಲಿ ನಾರು ಇದೆ, ಒಳ್ಳೆಯ ಧಾನ್ಯ. ಆದರೆ ಅದರಲ್ಲಿಯೂ ಹೆಚ್ಚಿನ ಪಾಲು ಪಿಷ್ಟವೇ. ದೊಡ್ಡ ಮುದ್ದೆ ಎರಡರ ಬದಲು ಚಿಕ್ಕದೊಂದು ಮುದ್ದೆ, ಜೊತೆಗೆ ಸೊಪ್ಪು, ಕಾಳು, ತರಕಾರಿ ಹೆಚ್ಚಾಗಿ ಇರಲಿ.

ಪ್ರಶ್ನೆ: ಹಾಲು ಬಿಡಬೇಕೇ?
ಉತ್ತರ: ಬೇಕಿಲ್ಲ. ಒಂದು ಲೋಟ, ಅಂದರೆ 200 ಮಿ.ಲೀ. ಹಸುವಿನ ಹಾಲಿನಲ್ಲಿ ಸುಮಾರು 9ರಿಂದ 10 ಗ್ರಾಂ ಹಾಲಿನ ಸಕ್ಕರೆ ಇರುತ್ತದೆ. ಅದನ್ನು ಊಟದ ಲೆಕ್ಕದಲ್ಲಿ ಸೇರಿಸಿಕೊಳ್ಳಿ. ಸಕ್ಕರೆ ಹಾಕದೆ ಕುಡಿಯಿರಿ. ಮಜ್ಜಿಗೆ ಒಳ್ಳೆಯದು. ದಿನಕ್ಕೆ ಐದಾರು ಸಲ ಸಕ್ಕರೆ ಬೆರೆಸಿ ಕುಡಿಯುವ ಕಾಫಿ, ಟೀ ನಿಜವಾದ ಶತ್ರು. ಸಕ್ಕರೆಯ ಬದಲು ಬೆಲ್ಲ ಹಾಕಿದರೂ ಫಲ ಒಂದೇ.

ಪ್ರಶ್ನೆ: ಕೊಟ್ಟಿಗೆ ಕೆಲಸ ಮಾಡುವವರಿಗೆ ಬೇರೆ ವ್ಯಾಯಾಮ ಬೇಕೇ?
ಉತ್ತರ: ಮೈ ಬಗ್ಗಿಸಿ ದುಡಿಯುವುದು ಒಳ್ಳೆಯ ವ್ಯಾಯಾಮವೇ. ಆದರೆ ಸಂಘಕ್ಕೆ ಗಾಡಿಯಲ್ಲಿ ಹೋಗಿ, ಯಂತ್ರದಿಂದ ಹಾಲು ಕರೆದು, ಉಳಿದ ಹೊತ್ತು ಕುಳಿತಿರುವವರು ದಿನಕ್ಕೆ ಅರ್ಧ ಗಂಟೆ ಬಿರುಸಾಗಿ ನಡೆಯಬೇಕು.

ಪ್ರಶ್ನೆ: ಇನ್ಸುಲಿನ್ ಶುರು ಮಾಡಿದರೆ ಕೊನೆಯ ಹಂತ ಬಂತು ಎನ್ನುತ್ತಾರೆ, ನಿಜವೇ?
ಉತ್ತರ: ಸುಳ್ಳು. ಮಾತ್ರೆಯಿಂದ ಹತೋಟಿಗೆ ಬಾರದಾಗ, ಶಸ್ತ್ರಚಿಕಿತ್ಸೆ, ಸೋಂಕು, ಗರ್ಭಾವಸ್ಥೆಯಲ್ಲಿ ಇನ್ಸುಲಿನ್ ಕೊಡುತ್ತಾರೆ. ಪಾಕಿಸ್ತಾನದ ವೇಗದ ಬೌಲರ್ ವಾಸಿಂ ಅಕ್ರಂ ಅವರಿಗೆ 1997ರಲ್ಲಿ ಸಕ್ಕರೆ ಕಾಯಿಲೆ ಪತ್ತೆಯಾಯಿತು. ಇನ್ಸುಲಿನ್ ತೆಗೆದುಕೊಳ್ಳುತ್ತಲೇ ಆಡಿ 2003ರ ವಿಶ್ವಕಪ್‌ನಲ್ಲಿ ಏಕದಿನ ಪಂದ್ಯಗಳ 500ನೇ ವಿಕೆಟ್ ಪಡೆದರು.

ಪ್ರಶ್ನೆ: ನಾಟಿ ಔಷಧಿ ಶುರು ಮಾಡಿ ಮಾತ್ರೆ ನಿಲ್ಲಿಸಬಹುದೇ?
ಉತ್ತರ: ವೈದ್ಯರಿಗೆ ತಿಳಿಸದೆ ಯಾವ ಮಾತ್ರೆಯನ್ನೂ ನಿಲ್ಲಿಸಬೇಡಿ. ಮೊದಲನೆಯ ಬಗೆಯವರು ಇನ್ಸುಲಿನ್ ನಿಲ್ಲಿಸಿದರೆ ಕೆಲವೇ ದಿನಗಳಲ್ಲಿ ಪ್ರಾಣಾಪಾಯ. ಜ್ವರ, ವಾಂತಿ ಬಂದು ಊಟ ಸೇರದ ದಿನವೂ ತಾವಾಗಿ ನಿಲ್ಲಿಸದೆ ವೈದ್ಯರನ್ನು ಕೇಳಬೇಕು.

ಮನೆಯವರ ಮತ್ತು ಸಂಘದ ಪಾತ್ರ

ಮನೆಯಲ್ಲಿ ಒಬ್ಬರಿಗೆ ಕಾಯಿಲೆ ಬಂದರೆ ಅವರೊಬ್ಬರಿಗೆ ಬೇರೆ ಅಡಿಗೆ ಮಾಡುವುದು ಬಹುಕಾಲ ನಡೆಯದು. ಸೊಪ್ಪು, ಕಾಳು, ತರಕಾರಿಯ ಊಟ ಮನೆಮಂದಿಗೆಲ್ಲ ಒಳ್ಳೆಯದೇ. ಕಾಯಿಲೆ ಇರುವ ಹೆಣ್ಣುಮಕ್ಕಳು ಕೊನೆಗೆ ಉಣ್ಣುವ ಪದ್ಧತಿಯನ್ನು ಮನೆಯ ಗಂಡಸರೇ ನಿಲ್ಲಿಸಬೇಕು. ಮದುವೆಗೆ ತೊಂದರೆಯಾದೀತೆಂದು ಮಗಳ ಇನ್ಸುಲಿನ್ ಮುಚ್ಚಿಡುವ ತಂದೆತಾಯಂದಿರು ಒಂದು ಮಾತು ಯೋಚಿಸಬೇಕು. ಮುಚ್ಚಿಟ್ಟು ಹೋದ ಮನೆಯಲ್ಲಿ ಅವಳು ಹೊತ್ತಿಗೆ ಸರಿಯಾಗಿ ಚುಚ್ಚಿಕೊಳ್ಳುವುದಾದರೂ ಹೇಗೆ? ಅವಳಿಗೆ ಓದು ಮತ್ತು ಸ್ವಂತ ಸಂಪಾದನೆ ಕೊಡಿಸುವುದು ಮೊದಲ ಕರ್ತವ್ಯ.

ಸಂಘಗಳು ವಾರ್ಷಿಕ ಸಭೆಯ ದಿನ ಪ್ರಾಥಮಿಕ ಆರೋಗ್ಯ ಕೇಂದ್ರದವರನ್ನು ಕರೆಸಿ ಸದಸ್ಯರಿಗೆ ರಕ್ತ ಪರೀಕ್ಷೆ ಏರ್ಪಡಿಸಬಹುದು. ಹಾಲು ಹಾಕಲು ಎರಡು ಹೊತ್ತೂ ಎಲ್ಲರೂ ಸೇರುವ ಜಾಗ ಸಂಘ. ಅಲ್ಲಿ ಒಂದು ಡಬ್ಬಿ ಗ್ಲೂಕೋಸ್ ಪುಡಿ ಇಟ್ಟಿರುವುದು ದೊಡ್ಡ ಖರ್ಚಲ್ಲ. ಸಂಘದ ಸಿಬ್ಬಂದಿಯಲ್ಲಿ ಯಾರಿಗಾದರೂ ಕಾಯಿಲೆ ಇದ್ದರೆ, ಬೆಳಗಿನ ಹಾಲು ಶೇಖರಣೆ ಮುಗಿಯುವ ಮುನ್ನ ಒಂದಿಷ್ಟು ತಿನ್ನಲು ಬಿಡುವು ಕೊಡುವುದು ಆಡಳಿತ ಮಂಡಳಿಯ ಕೆಲಸ.

ನೆನಪಿಡಿ

* 30 ದಾಟಿದವರು ಲಕ್ಷಣವಿಲ್ಲದಿದ್ದರೂ ಪರೀಕ್ಷೆ ಮಾಡಿಸಿಕೊಳ್ಳಿ.
* ನಿಮ್ಮ ದಿನಚರಿಯನ್ನು ವೈದ್ಯರಿಗೆ ಹೇಳಿ, ಮಾತ್ರೆಯ ಹೊತ್ತನ್ನು ಅದಕ್ಕೆ ಹೊಂದಿಸಿಕೊಳ್ಳಿ.
* ಜೇಬಿನಲ್ಲಿ ಸಕ್ಕರೆ, ಪಾದದಲ್ಲಿ ರಕ್ಷೆ ಸದಾ ಇರಲಿ.
* ನಮೂನೆಯಲ್ಲಿ ಕೇಳಿದರೆ ನಿಜ ಬರೆಯಿರಿ, ಜೊತೆಗೆ ವೈದ್ಯರ ಪತ್ರ ಇಡಿ.
* ಚೀಟಿ, ವರದಿ, ಅರ್ಜಿಗಳನ್ನು ಒಂದೇ ಕಡತದಲ್ಲಿ ಜೋಪಾನ ಮಾಡಿ.

ಸದಸ್ಯ ಬಾಂಧವರೇ, ಹಾಲು ಕೊಡುವ ಹಸುವಿನ ಮೇವು, ನೀರು, ಲಸಿಕೆ ಯಾವುದನ್ನೂ ನೀವು ಒಂದು ದಿನವೂ ಮರೆಯುವುದಿಲ್ಲ. ಆ ಹಸುವನ್ನು ಸಾಕುವ ಕೈ ಕಾಲುಗಳಿಗೂ ಅಷ್ಟೇ ಗಮನ ಕೊಟ್ಟರೆ, ಸಕ್ಕರೆ ಕಾಯಿಲೆ ಇದ್ದರೂ ನಿಮ್ಮ ಮನೆಯ ಬಟವಾಡೆ ನಿಲ್ಲುವುದಿಲ್ಲ, ಮಕ್ಕಳ ಸಂಬಳವೂ ನಿಲ್ಲುವುದಿಲ್ಲ.